ಯಾರು ಯಾವುದಕ್ಕೆ ಕಾಯುತ್ತಿದ್ದಾರೆ? ಹೊಸ ಪ್ರಾಜೆಕ್ಟ್ ಕೋಆರ್ಡಿನೇಟರ್‌ಗೆ ಪುಣೆಯಿಂದ ಒಂದು ಮಾರ್ಗದರ್ಶಿ

ಹೋದ ತಿಂಗಳು ಹುಬ್ಬಳ್ಳಿಯ ನಮ್ಮ ಪಕ್ಕದ ಮನೆಯ ಹುಡುಗ ಪುಣೆಗೆ ಬಂದ. ಭೋಸರಿಯ ಒಂದು ಕಂಪನಿಯಲ್ಲಿ ಪ್ರಾಜೆಕ್ಟ್ ಕೋಆರ್ಡಿನೇಟರ್ ಕೆಲಸ. ವಾರ ಕಳೆದ ಮೇಲೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದ. "ಅಕ್ಕಾ, ಇಲ್ಲೆ ಡಿಸೈನ್‌ನವರಿಗೆ ಡಿಸೈನ್ ಕೆಲಸ ಐತಿ, ಪರ್ಚೇಸ್‌ನವರಿಗೆ ಪರ್ಚೇಸ್ ಕೆಲಸ ಐತಿ. ನನ್ನ ಕೆಲಸ ಏನಂತನ ತಿಳೀವಲ್ದು. ಬರೇ ಫೋನ್ ಮಾಡ್ಕೋತ ಕುಂತೀನಿ."

ನನಗೆ ನಗು ಬಂತು. ಹನ್ನೊಂದು ವರ್ಷದ ಹಿಂದೆ ನಾನೂ ನಮ್ಮ ಅಪ್ಪನಿಗೆ ಇದನ್ನೇ ಹೇಳಿದ್ದೆ. ಆಟೋ ಬಿಡಿಭಾಗದ ಕಾರ್ಖಾನೆಗಳಿಗೆ ಎಸ್‌ಪಿಎಂ, ಅಂದರೆ ಒಂದೇ ಕೆಲಸಕ್ಕೆಂದು ಕಟ್ಟಿಕೊಡುವ ಸ್ಪೆಷಲ್ ಪರ್ಪಸ್ ಮಷೀನ್, ತಯಾರಿಸುವ ಕಡೆ ನನ್ನ ನೌಕರಿ. ನಾನು ಡ್ರಾಯಿಂಗ್ ಬರೆಯುವುದಿಲ್ಲ, ಬೋಲ್ಟ್ ತಿರುಗಿಸುವುದಿಲ್ಲ, ದುಡ್ಡಿನ ಮೇಲೆ ಸಹಿ ಮಾಡುವುದಿಲ್ಲ. ಆದರೂ ಮಷೀನ್ ಹೇಳಿದ ದಿನಕ್ಕೆ ಗೇಟು ದಾಟದಿದ್ದರೆ ಮೊದಲು ನನ್ನನ್ನೇ ಕರೆಯುತ್ತಾರೆ.

ಹುಡುಗನಿಗೆ ಒಂದೇ ಮಾತು ಹೇಳಿದೆ. "ಇವತ್ತು ಯಾರು, ಯಾರಿಂದ, ಯಾವುದಕ್ಕೆ ಕಾಯ್ತಿದ್ದಾರೆ ಅನ್ನೋದು ಆಫೀಸಿನಲ್ಲಿ ಒಬ್ಬರಿಗಾದ್ರೂ ಗೊತ್ತಿರಬೇಕು. ಆ ಒಬ್ಬ ನೀನು." ಉಳಿದಿದ್ದನ್ನು ಫೋನಿನಲ್ಲಿ ಹೇಳಿ ಮುಗಿಯಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಉದಾಹರಣೆಗಳೆಲ್ಲ ಕಬ್ಬಿಣದವು. ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಇದ್ದರೆ ಕಾಸ್ಟಿಂಗ್ (ಎರಕದ ತುಂಡು) ಇದ್ದ ಕಡೆ ಸರ್ವರ್ ಅಂತ ಓದಿಕೊಳ್ಳಿ, ಹೆಚ್ಚೇನೂ ವ್ಯತ್ಯಾಸ ಇಲ್ಲ.

ಹೆಜ್ಜೆ 1: ನಿಮ್ಮ ಗೆರೆ ಎಲ್ಲಿದೆ ಅಂತ ಕೇಳಿಕೊಳ್ಳಿ

ಪ್ರಾಜೆಕ್ಟ್ ಮ್ಯಾನೇಜರ್ ಬೇರೆ, ಕೋಆರ್ಡಿನೇಟರ್ ಬೇರೆ. ಏನು ಕೊಡಬೇಕು, ಎಷ್ಟು ಖರ್ಚು ಮಾಡಬೇಕು, ಎರಡು ಕೆಲಸ ಡಿಕ್ಕಿ ಹೊಡೆದರೆ ಯಾವುದು ಮೊದಲು ಅನ್ನುವುದು ಮ್ಯಾನೇಜರ್ ಮಾತು. ಕೆಲಸದ ಪಟ್ಟಿ ಇಡುವುದು, ಬೆನ್ನು ಹತ್ತುವುದು, ಬರೆದಿಡುವುದು, ತಡ ಆಗುವ ಸೂಚನೆ ಸಿಕ್ಕರೆ ಮುಂಚೆಯೇ ಹೇಳುವುದು ನಿಮ್ಮದು. ಕಾಗದದ ಮೇಲೆ ಇದು ಸುಲಭ. ಆದರೆ ಸಣ್ಣ ಕಂಪನಿಗಳಲ್ಲಿ ಮ್ಯಾನೇಜರ್ ಅನ್ನಿಸಿಕೊಂಡವರು ಮಾಲೀಕರೇ ಆಗಿರುತ್ತಾರೆ, ಅವರು ಅರ್ಧ ದಿನ ಕಸ್ಟಮರ್ ಹತ್ತಿರ ಇರುತ್ತಾರೆ. ಹಾಗಾಗಿ ಮೊದಲ ವಾರದಲ್ಲೇ ಮೂರು ವಿಷಯ ಕೇಳಿ ಬರೆದುಕೊಳ್ಳಿ. ನಿಮ್ಮನ್ನು ಕೇಳದೆ ನಾನು ಎಷ್ಟು ರೂಪಾಯಿವರೆಗೆ ಹೂಂ ಅನ್ನಬಹುದು? ಕಸ್ಟಮರ್‌ಗೆ ನಾನೇ ನೇರ ಮೇಲ್ ಹಾಕಬಹುದಾ? ನೀವು ಫೋನ್ ಎತ್ತದಿದ್ದರೆ ಯಾರನ್ನು ಕೇಳಲಿ?

ಮೂರನೆಯ ಪ್ರಶ್ನೆಗೆ ತುಂಬಾ ಜನ "ನಾನು ಎತ್ತೇ ಎತ್ತುತ್ತೀನಿ" ಅನ್ನುತ್ತಾರೆ. ನಂಬಬೇಡಿ, ಇನ್ನೊಂದು ಹೆಸರು ತಗೊಳ್ಳಿ.

ಹೆಜ್ಜೆ 2: ಆರ್ಡರ್ ಕಾಗದವನ್ನು ಕಾದಂಬರಿ ಓದಿದ ಹಾಗೆ ಓದಿ

ಪಿಒ, ಕೊಟೇಷನ್, ಅದರ ಹಿಂದಿನ ಮೇಲ್‌ಗಳು, ಎಲ್ಲವನ್ನೂ. ಪಿಒ ಅಂದರೆ ಕಸ್ಟಮರ್ ಕೊಟ್ಟ ಪರ್ಚೇಸ್ ಆರ್ಡರ್. ಓದುತ್ತಾ ಒಂದೇ ಪುಟದಲ್ಲಿ ಟಿಪ್ಪಣಿ ಮಾಡಿಕೊಳ್ಳಿ: ಏನು ಕೊಡಬೇಕು, ಯಾವಾಗ, ಎಲ್ಲಿ, ಯಾವ ಹಂತಕ್ಕೆ ಎಷ್ಟು ಹಣ ಬರುತ್ತದೆ, ತಡವಾದರೆ ದಂಡ ಇದೆಯಾ. ಇವೆಲ್ಲ ಕಾಗದದಲ್ಲೇ ಸಿಗುತ್ತವೆ. ಸಿಗದೇ ಇರುವುದನ್ನು ಹುಡುಕುವುದೇ ಕಷ್ಟ.

ನನ್ನ ಎರಡನೇ ಪ್ರಾಜೆಕ್ಟಿನಲ್ಲಿ ಆರು ಟನ್ನಿನ ಮಷೀನ್ ಚಾಕಣದ ಒಂದು ಪ್ಲಾಂಟಿಗೆ ಬೆಳಿಗ್ಗೆ ಎಂಟಕ್ಕೆ ಹೋಗಿ ನಿಂತಿತು. ಇಳಿಸಲು ಕ್ರೇನ್ ಇಲ್ಲ. ಕ್ರೇನ್ ನೀವು ತರುತ್ತೀರಿ ಅಂತ ಅವರು, ಪ್ಲಾಂಟಿನಲ್ಲಿ ಇದ್ದೇ ಇರುತ್ತದೆ ಅಂತ ನಾವು. ಪಿಒದಲ್ಲಿ ಆ ಬಗ್ಗೆ ಒಂದು ಸಾಲೂ ಇರಲಿಲ್ಲ. ಬಾಡಿಗೆ ಕ್ರೇನ್ ಬರುವ ಹೊತ್ತಿಗೆ ಸಂಜೆ ನಾಲ್ಕು. ಲಾರಿಯವನು ನಿಂತ ಗಂಟೆಗಳಿಗೆಲ್ಲ ಲೆಕ್ಕ ಹಾಕಿ ದುಡ್ಡು ತಗೊಂಡ, ನಮ್ಮ ಫಿಟ್ಟರ್‌ಗಳು ಗೇಟಿನ ಹೊರಗೆ ವಡಾ ಪಾವ್ ತಿನ್ನುತ್ತಾ ದಿನ ಕಳೆದರು.

ಆಮೇಲಿಂದ ಪ್ರತಿ ಆರ್ಡರಿಗೂ ನಾನು ಕೇಳುವ ಪ್ರಶ್ನೆಗಳಿವೆ. ಮಷೀನ್ ಇಳಿಸುವವರು ಯಾರು? ಫೌಂಡೇಶನ್ ಯಾರದು? ಕರೆಂಟು ಮತ್ತು ಏರ್ ಲೈನ್ ಎಲ್ಲಿಯವರೆಗೆ ತಂದು ಕೊಡುತ್ತಾರೆ? ಟ್ರಯಲ್‌ಗೆ ಬೇಕಾದ ಬಿಡಿಭಾಗ ಯಾರು ಕೊಡುತ್ತಾರೆ, ಎಷ್ಟು? ಉತ್ತರ ಬಂದ ಕೂಡಲೇ ಮೇಲ್‌ನಲ್ಲಿ ಹಾಕಿ. ಬಾಯಿಮಾತಿನ ಒಪ್ಪಂದ ಕಸ್ಟಮರ್ ಕಡೆಯ ಇಂಜಿನಿಯರ್ ಬದಲಾದ ದಿನವೇ ಮುಗಿದುಹೋಗುತ್ತದೆ.

ಹೆಜ್ಜೆ 3: ಪಟ್ಟಿ ಮಾಡಿ, ಕೊನೆಯಿಂದ ಹಿಂದಕ್ಕೆ

ಡೆಲಿವರಿ ದಿನದಿಂದ ಹಿಂದಕ್ಕೆ ಬನ್ನಿ. ಒಂದು ಸಾಲಿಗೆ ಒಂದು ಕೆಲಸ, ಒಂದು ತಾರೀಖು, ಒಬ್ಬ ಮನುಷ್ಯನ ಹೆಸರು. "ಪರ್ಚೇಸ್ ಟೀಮ್" ಹೆಸರಲ್ಲ. ಟೀಮ್‌ಗೆ ಫೋನ್ ಮಾಡಲು ಆಗುವುದಿಲ್ಲ. ಇಬ್ಬರ ಹೆಸರನ್ನೂ ಹಾಕಬೇಡಿ. ಇಬ್ಬರಿಗೆ ಒಪ್ಪಿಸಿದ ಕೆಲಸವನ್ನು ಇಬ್ಬರೂ ಮಾಡಿರುವುದಿಲ್ಲ.

ಯಾವ ಸಾಲಿನ ಮೇಲೆ ಕಣ್ಣು ಜಾಸ್ತಿ ಇಡಬೇಕು ಅನ್ನುವುದಕ್ಕೆ ಒಂದು ಲೆಕ್ಕ ಇದೆ, ಕ್ರಿಟಿಕಲ್ ಪಾತ್ ಅನ್ನುತ್ತಾರೆ, ಅಂದರೆ ಒಂದಕ್ಕೊಂದು ಕಾಯುವ ಕೆಲಸಗಳ ಅತಿ ಉದ್ದದ ಸರಪಳಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಇದನ್ನು ಬಳಕೆಗೆ ತಂದಿತು. ಹೆಸರು ದೊಡ್ಡದು, ವಿಷಯ ಸಣ್ಣದು. ನಮ್ಮ ಒಂದು ಮಷೀನ್‌ಗೆ 20 ವಾರ ಸಮಯ ಅಂದುಕೊಳ್ಳಿ. ಡ್ರಾಯಿಂಗ್‌ಗೆ 3 ವಾರ, ಮಷೀನಿನ ಅಡಿಗೆ ಕೂರುವ ಬೇಸ್ ಕಾಸ್ಟಿಂಗಿನ ಪ್ಯಾಟರ್ನ್‌ಗೆ (ಎರಕದ ಅಚ್ಚು ಮಾಡಲು ಬೇಕಾದ ಮಾದರಿ) 3, ಎರಕಕ್ಕೆ 3, ಮಷಿನಿಂಗ್‌ಗೆ 3, ಅಸೆಂಬ್ಲಿಗೆ 4, ಟ್ರಯಲ್‌ಗೆ 2, ಸಾಗಿಸಿ ಕೂರಿಸಲು 2. ಕೂಡಿ ನೋಡಿ, ಸರಿಯಾಗಿ 20. ಒಂದು ದಿನವೂ ಉಳಿಯಲಿಲ್ಲ. ಅತ್ತ ಎಲೆಕ್ಟ್ರಿಕಲ್ ಪ್ಯಾನೆಲ್‌ಗೆ ಡ್ರಾಯಿಂಗ್ 3 ವಾರ, ಸಾಮಾನು ತರಿಸಲು 5, ವೈರಿಂಗ್ 2, ಒಟ್ಟು 10. ಅದು ಬೇಕಾಗುವುದು ಅಸೆಂಬ್ಲಿ ಅರ್ಧ ಆದ ಮೇಲೆ, ಅಂದರೆ 14ನೇ ವಾರದ ಕೊನೆಗೆ. ಪ್ಯಾನೆಲ್‌ಗೆ ನಾಲ್ಕು ವಾರ ಸಡಿಲು ಇದೆ, ಕಾಸ್ಟಿಂಗ್‌ಗೆ ಇಲ್ಲವೇ ಇಲ್ಲ. ಪ್ಯಾನೆಲ್‌ನವನು ಎರಡು ದಿನ ತಡ ಅಂದರೆ ಬರೆದುಕೊಂಡು ಸುಮ್ಮನಿರಿ. ಎರಕ ಹೊಯ್ಯುವ ಫೌಂಡ್ರಿಯವನು ಎರಡು ದಿನ ಅಂದರೆ ಕುರ್ಚಿ ಬಿಟ್ಟು ಏಳಿ.

ಪಟ್ಟಿ ಇಡಲು ಮೈಕ್ರೋಸಾಫ್ಟ್ ಪ್ರಾಜೆಕ್ಟ್, ಜಿರಾ ಥರದ ಸಾಫ್ಟ್‌ವೇರ್ ಬೇಕಾ ಅಂತ ಹುಡುಗ ಕೇಳಿದ. ಐವತ್ತು ಸಾಲಿನ ಕೆಲಸಕ್ಕೆ ಎಕ್ಸೆಲ್ ಸಾಕು. ಕಂಪನಿ ಏನು ಬಳಸುತ್ತದೋ ಅದನ್ನೇ ಕಲಿಯಿರಿ.

ಈ ಊರಿನ ಕ್ಯಾಲೆಂಡರ್

ಇದನ್ನು ಯಾವ ಕೋರ್ಸಿನಲ್ಲೂ ಹೇಳುವುದಿಲ್ಲ. ಪಿಂಪ್ರಿ-ಚಿಂಚವಾಡ, ಭೋಸರಿ ಕಡೆಯ ಎಷ್ಟೋ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ವಿದ್ಯುತ್ ಲೈನಿನ ರಿಪೇರಿಗೂ ಇಲ್ಲಿ ಕರೆಂಟು ತೆಗೆಯುವುದು ಸಾಮಾನ್ಯವಾಗಿ ಗುರುವಾರವೇ. ನಿಮ್ಮ ಆಫೀಸು ಭಾನುವಾರ ಮುಚ್ಚಿದರೆ, ಸಪ್ಲೈಯರ್ ಗುರುವಾರ ಮುಚ್ಚಿದರೆ, ಇಬ್ಬರೂ ಎದುರುಬದುರು ಸಿಗುವುದು ವಾರಕ್ಕೆ ಐದೇ ದಿನ. "ಗುರುವಾರ ಕೊಡ್ತೀನಿ" ಅಂತ ಯಾರಾದರೂ ಅಂದರೆ ಅವರ ರಜೆ ಯಾವತ್ತು ಅಂತ ಮೊದಲು ಕೇಳಿ.

ಜೂನ್-ಜುಲೈನಲ್ಲಿ ಆಳಂದಿಯಿಂದ ಜ್ಞಾನೇಶ್ವರ ಮಹಾರಾಜರ, ದೇಹುವಿನಿಂದ ತುಕಾರಾಮ ಮಹಾರಾಜರ ಪಾಲ್ಕಿಗಳು ಪಂಢರಪುರಕ್ಕೆ ಹೊರಡುತ್ತವೆ. ಆಳಂದಿ ಅಂದರೆ ಭೋಸರಿ, ಚಾಕಣಕ್ಕೆ ಮಗ್ಗುಲಲ್ಲೇ ಇರುವ ಊರು. ಆ ದಿನಗಳಲ್ಲಿ ರಸ್ತೆಗಳನ್ನು ಮುಚ್ಚುತ್ತಾರೆ, ದೊಡ್ಡ ಲಾರಿ ತರಿಸುವ ಯೋಚನೆಯನ್ನೇ ಬಿಡಿ. ಗಣಪತಿಯ ಹತ್ತು ದಿನ ಕೆಲಸ ನಡೆಯುತ್ತದೆ, ಆದರೆ ಕೊಂಕಣದ ಕಡೆಯ ಹುಡುಗರು ಊರಿಗೆ ಹೋಗಿರುತ್ತಾರೆ. ಅನಂತ ಚತುರ್ದಶಿ ದಿನ ಪುಣೆಯೊಳಗೆ ಏನೂ ಇಟ್ಟುಕೊಳ್ಳಬೇಡಿ. ದೀಪಾವಳಿಗೆ ಊರಿಗೆ ಹೋದ ವೆಲ್ಡರ್ ಯಾವಾಗ ಬರುತ್ತಾನೆ ಅನ್ನುವುದು ಅವನಿಗೂ ಗೊತ್ತಿರುವುದಿಲ್ಲ. ಬೆಳಗಾವಿಯ ಸಪ್ಲೈಯರ್ ಇದ್ದರೆ ನವೆಂಬರ್ 1ರ ರಾಜ್ಯೋತ್ಸವವನ್ನೂ ಗುರುತು ಹಾಕಿ. ಪುಣೆಯವರಿಗೆ ಅದು ನೆನಪಿರುವುದಿಲ್ಲ.

ಹೆಜ್ಜೆ 4: ಫಾಲೋಅಪ್

ನಿಮ್ಮ ದಿನದ ಮುಕ್ಕಾಲು ಪಾಲು ಇದೇ. ಬಹಳ ಜನ ಕೆಡಿಸುವುದೂ ಇಲ್ಲೇ.

"ಆಯ್ತಾ?" ಅಂತ ಕೇಳಿದರೆ "ಆಗ್ತದ" ಅನ್ನುತ್ತಾರೆ. ಮರಾಠಿಯಲ್ಲಿ "ಹೋವೂನ್ ಜಾಯೀಲ್", ಹಿಂದಿಯಲ್ಲಿ "ಹೋ ಜಾಯೇಗಾ". ಮೂರು ಭಾಷೆಯಲ್ಲೂ ಅರ್ಥ ಒಂದೇ: ಫೋನ್ ಇಡಿ. ಹೌದು-ಇಲ್ಲ ಉತ್ತರ ಬರುವ ಪ್ರಶ್ನೆ ಕೇಳಲೇಬಾರದು. "ಈಗ ಎಲ್ಲಿದೆ?", "ಯಾರ ಕೈಯಲ್ಲಿದೆ?", "ಮುಂದಿನ ಕೆಲಸ ಯಾವತ್ತು ಶುರು?", "ಒಂದು ಫೋಟೋ ಕಳಿಸ್ತೀರಾ?" ಹೀಗೆ ಕೇಳಬೇಕು. ಫೋಟೋ ಬಂದರೆ ಅದರ ಹಿನ್ನೆಲೆಯನ್ನೂ ನೋಡಿ. ಒಮ್ಮೆ ಒಬ್ಬರು ಕಳಿಸಿದ "ಇವತ್ತಿನ" ಫೋಟೋದಲ್ಲಿ ಗೋಡೆಯ ಕ್ಯಾಲೆಂಡರ್ ಹಿಂದಿನ ತಿಂಗಳದ್ದಾಗಿತ್ತು.

ನಮ್ಮ ಬೇಸ್ ಕಾಸ್ಟಿಂಗ್‌ಗಳು ಬರುವುದು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಿಂದ. ಬೆಳಗಾವಿಯಲ್ಲಿ ಫೌಂಡ್ರಿಗಳು ತುಂಬಾ. ಹೊಸದರಲ್ಲಿ ನಾನು ಅಲ್ಲಿಗೆ ಇಂಗ್ಲಿಷ್ ಮೇಲ್ ಹಾಕುತ್ತಿದ್ದೆ. "ಮೆಟೀರಿಯಲ್ ಅಂಡರ್ ಪ್ರೋಸೆಸ್" ಅಂತ ಉತ್ತರ ಬರುತ್ತಿತ್ತು. ಎರಡು ವಾರ ಅದೇ ಉತ್ತರ. ಒಂದು ದಿನ ಸಾಕಾಗಿ ಅಲ್ಲಿನ ಸೂಪರ್‌ವೈಸರ್‌ಗೆ ನೇರ ಫೋನ್ ಮಾಡಿ ಕನ್ನಡದಲ್ಲೇ ಶುರು ಮಾಡಿದೆ. ಊಟ ಆಯ್ತೇನ್ರಿ, ಮಳೆ ಹೆಂಗೈತ್ರಿ ಅಂತ ನಾಲ್ಕು ಮಾತು. ಆಮೇಲೆ ಅವರೇ ದನಿ ತಗ್ಗಿಸಿ, "ಮೇಡಂ, ಖರೇ ಹೇಳ್ಲೇನ್ರಿ? ನಿಮ್ಮ ಪ್ಯಾಟರ್ನೇ ಇನ್ನೂ ಬಂದಿಲ್ರೀ. ಪ್ಯಾಟರ್ನ್ ಮಾಡಾವ ಅಡ್ವಾನ್ಸ್ ಕೇಳಾಕತ್ತಾನ, ನಮ್ಮ ಸಾಹೇಬ್ರು ನಿಮ್ಮ ರೊಕ್ಕದ ಹಾದಿ ಕಾಯಾಕತ್ತಾರ" ಅಂದರು.

ಅಂದರೆ ಕಾಸ್ಟಿಂಗ್ ಕಾಯುತ್ತಿದ್ದದ್ದು ಪ್ಯಾಟರ್ನ್‌ಗೆ, ಪ್ಯಾಟರ್ನ್ ಕಾಯುತ್ತಿದ್ದದ್ದು ದುಡ್ಡಿಗೆ, ದುಡ್ಡು ಇದ್ದದ್ದು ನನ್ನಿಂದ ಮೂವತ್ತು ಅಡಿ ದೂರದ ಅಕೌಂಟ್ಸ್ ಟೇಬಲ್ ಮೇಲೆ, ಒಂದು ಸಹಿಗಾಗಿ. ಎದ್ದು ಹೋಗಿ ಸಹಿ ಮಾಡಿಸಿದೆ. ಮಾರನೇ ದಿನ ಪ್ಯಾಟರ್ನ್ ಕೆಲಸ ಶುರುವಾಯಿತು. ಆವತ್ತು ನನ್ನ ಕೆಲಸ ಏನು ಅಂತ ನನಗೆ ಅರ್ಥವಾಯಿತು.

ಪುಣೆಯಲ್ಲಿರುವ ಕನ್ನಡದವರಿಗೆ ಇದೊಂದು ಅನುಕೂಲ. ಶಾಪ್ ಫ್ಲೋರ್‌ನಲ್ಲಿ ಮರಾಠಿ ಬೇಕೇ ಬೇಕು, ಆರು ತಿಂಗಳಲ್ಲಿ ಕಲಿತುಬಿಡಿ. ಟ್ರಾನ್ಸ್‌ಪೋರ್ಟಿನವರಿಗೆ ಹಿಂದಿ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ಸಪ್ಲೈಯರ್‌ಗಳಿಗೆ ಕನ್ನಡ. ಮೇಲ್‌ನಲ್ಲಿ ಎಲ್ಲರೂ ಹುಷಾರಾಗಿ ಬರೆಯುತ್ತಾರೆ, ಮನೆಮಾತಿನಲ್ಲಿ ನಿಜ ಹೊರಗೆ ಬರುತ್ತದೆ. ಹಾಗಂತ ನಿಜ ಹೇಳಿದವರನ್ನು ಮೀಟಿಂಗಿನಲ್ಲಿ ಹೆಸರು ಹಿಡಿದು ಸಿಕ್ಕಿಸಬೇಡಿ. ಮತ್ತೆ ಯಾವತ್ತೂ ಹೇಳುವುದಿಲ್ಲ.

ಅಂದ ಹಾಗೆ, ಸಣ್ಣ ಸಪ್ಲೈಯರ್‌ಗಳ ಬಾಕಿಯನ್ನೂ ನಿಮ್ಮ ಪಟ್ಟಿಯಲ್ಲಿ ಇಟ್ಟುಕೊಳ್ಳಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಕೊಡುವುದು ಅಕೌಂಟ್ಸ್‌ನವರ ಕೆಲಸ, ನಿಜ. ಆದರೆ ಹಳೇ ಬಾಕಿ ಉಳಿದಿದ್ದರೆ ಹೊಸ ಕೆಲಸ ಮೂಲೆಯಲ್ಲಿ ಬಿದ್ದಿರುತ್ತದೆ, ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹೆಜ್ಜೆ 5: ಮೀಟಿಂಗ್ ಬರಹ

ಮೀಟಿಂಗ್ ಮಿನಿಟ್ಸ್ ಮೂರು ಕಾಲಮ್ಮಿನದ್ದಿರಲಿ: ಏನು, ಯಾರು, ಯಾವತ್ತು. ಯಾರು ಯಾರಿಗೆ ಏನು ಬೈದರು ಅನ್ನುವುದು ಬೇಡ. ಅದೇ ದಿನ ಕಳಿಸಿ. ಮೂರು ದಿನ ಬಿಟ್ಟು ಕಳಿಸಿದರೆ "ನಾನು ಹಾಗೆ ಹೇಳೇ ಇಲ್ಲ" ಅನ್ನುವವರು ಹುಟ್ಟಿಕೊಳ್ಳುತ್ತಾರೆ.

ಮೀಟಿಂಗಿಗೆ ಕಡಿಮೆ ಜನ ಸಾಕು. ಐದು ಜನ ಇದ್ದರೆ ಇಬ್ಬಿಬ್ಬರ ನಡುವಿನ ಮಾತಿನ ದಾರಿಗಳು 10. ಹನ್ನೆರಡು ಜನ ಇದ್ದರೆ 66. ವಾಟ್ಸಾಪ್ ಗ್ರೂಪಿಗೂ ಇದೇ ಲೆಕ್ಕ. ಗ್ರೂಪಿನಲ್ಲಿ ಫೋಟೋ ಹಾಕಲಿ, ಜಗಳ ಆಡಲಿ, ಪರವಾಗಿಲ್ಲ. ತಾರೀಖು ಮತ್ತು ಬದಲಾವಣೆ ಮಾತ್ರ ಮೇಲ್‌ನಲ್ಲಿ ಬರಬೇಕು.

ಹೆಜ್ಜೆ 6: ಬದಲಾವಣೆ ಬಂದಾಗ

ಇಲ್ಲಿ ನನ್ನದೇ ತಪ್ಪು ಹೇಳುತ್ತೇನೆ. ಒಂದು ಮಷೀನಿನ ಬೇಸ್‌ನಲ್ಲಿ ಹೈಡ್ರಾಲಿಕ್ ಯೂನಿಟ್ ಕೂರಿಸುವ ನಾಲ್ಕು ತೂತುಗಳನ್ನು ಡಿಸೈನ್‌ನವರು 40 ಮಿಲಿಮೀಟರ್ ಪಕ್ಕಕ್ಕೆ ಸರಿಸಿದರು. ಡ್ರಾಯಿಂಗ್ ರಿವಿಷನ್ ಎ ಹೋಗಿ ಬಿ ಆಯಿತು. ಮೇಲ್ ಹೋಯಿತು. ನಾನು ಮಷಿನಿಂಗ್ ಮಾಡುವವರಿಗೆ ಫೋನ್ ಮಾಡಿ, "ಡ್ರಾಯಿಂಗ್ ಸಿಕ್ತಾ?" ಅಂದೆ. "ಸಿಕ್ಕೈತ್ರೀ ಮೇಡಂ." ನನ್ನ ಪಟ್ಟಿಯಲ್ಲಿ ಹಸಿರು ಬಣ್ಣ ಹಚ್ಚಿದೆ.

ಅವರಿಗೆ ಸಿಕ್ಕಿದ್ದು ಎ. ಅದು ಮೂರು ವಾರದಿಂದ ಅವರ ಮಷೀನಿಗೆ ಮ್ಯಾಗ್ನೆಟ್‌ನಲ್ಲಿ ಅಂಟಿಕೊಂಡು, ಎಣ್ಣೆ ಕುಡಿದು ಪಾರದರ್ಶಕ ಆಗಿತ್ತು. ಬಿ ಅವರ ಆಫೀಸಿನ ಇನ್‌ಬಾಕ್ಸ್‌ನಲ್ಲೇ ಉಳಿದಿತ್ತು. ತೂತು ಹಳೇ ಜಾಗದಲ್ಲೇ ಬಿದ್ದವು. ಅವನ್ನು ಮುಚ್ಚಿ ಹೊಸದು ಕೊರೆಯುವ ಕೆಲಸ ಒಂದೇ ದಿನದ್ದು. ಆದರೆ ಅಷ್ಟರಲ್ಲಿ ಆ ಮಷೀನಿನ ಮೇಲೆ ಬೇರೆಯವರ ಕೆಲಸ ಏರಿತ್ತು, ಪಾಳಿ ಬರುವ ತನಕ ಕಾದೆವು. ಒಟ್ಟು ಒಂಬತ್ತು ದಿನ ಹೋಯಿತು, ಅದೂ ಒಂದು ದಿನವೂ ಸಡಿಲಿಲ್ಲದ ಸಾಲಿನಲ್ಲಿ. ನಾನು ಕನ್ನಡದಲ್ಲೇ ಕೇಳಿದ್ದೆ, ಅವರು ನಿಜವನ್ನೇ ಹೇಳಿದ್ದರು. ಪ್ರಶ್ನೆಯೇ ತಪ್ಪಾಗಿತ್ತು.

ಈಗ ಮಾಡುವುದು ಇಷ್ಟು. ಬದಲಾವಣೆ ಬಂದ ಕೂಡಲೇ ಅದರಿಂದ ದಿನ, ದುಡ್ಡು ಎಷ್ಟು ಏರುತ್ತದೆ ಅಂತ ಕೇಳಿ ಮ್ಯಾನೇಜರ್ ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳುತ್ತೇನೆ. ಹೊಸ ಡ್ರಾಯಿಂಗ್ ಕಳಿಸಿ, "ನಿಮ್ಮ ಮಷೀನಿನ ಮೇಲಿರೋ ಡ್ರಾಯಿಂಗಿನ ಬಲಗಡೆ ಕೆಳಗಿನ ಮೂಲೆಯ ಫೋಟೋ ಕಳಿಸಿ" ಅನ್ನುತ್ತೇನೆ. ನಮ್ಮ ಡ್ರಾಯಿಂಗ್‌ಗಳಲ್ಲಿ ರಿವಿಷನ್ ಅಕ್ಷರ ಇರುವುದು ಆ ಮೂಲೆಯಲ್ಲಿ. ಹಳೇ ಪ್ರಿಂಟಿನ ಮೇಲೆ ಕೆಂಪು ಗೀಟು ಎಳೆದ ಫೋಟೋ ಬರುವ ತನಕ ನನ್ನ ಪಟ್ಟಿಯಲ್ಲಿ ಹಸಿರಿಲ್ಲ.

ಹೆಜ್ಜೆ 7: ಕೆಟ್ಟ ಸುದ್ದಿ ಹೇಳುವುದು

ತಡ ಆಗುತ್ತದೆ ಅಂತ ಗೊತ್ತಾದ ದಿನವೇ ಹೇಳಿ. ಮೂರು ವಾರ ಮುಂಚೆ ಹೇಳಿದರೆ ಬೈಗುಳ ಸಿಗುತ್ತದೆ, ಜೊತೆಗೆ ಸರಿಮಾಡಲು ಸಮಯವೂ ಸಿಗುತ್ತದೆ. ಹಿಂದಿನ ದಿನ ಹೇಳಿದರೆ ಬೈಗುಳ ಮಾತ್ರ. ಮೇಲ್ ನಾಲ್ಕು ಸಾಲು ಇರಲಿ. ಏನಾಗಿದೆ, ಡೆಲಿವರಿಗೆ ಎಷ್ಟು ದಿನ ಪೆಟ್ಟು, ನಮ್ಮ ಮುಂದಿರುವ ಎರಡು ದಾರಿ ಯಾವುವು, ನಿಮ್ಮ ನಿರ್ಧಾರ ಯಾವತ್ತಿನೊಳಗೆ ಬೇಕು. ಯಾರ ತಪ್ಪು ಅನ್ನುವುದನ್ನು ಆ ಮೇಲ್‌ನಲ್ಲಿ ಬರೆಯಬೇಡಿ. ಅದನ್ನು ಹುಡುಕುವವರು ಆಫೀಸಿನಲ್ಲಿ ಬೇಕಾದಷ್ಟು ಜನ ಇರುತ್ತಾರೆ.

ಎಸ್ಕಲೇಷನ್, ಅಂದರೆ ಮೇಲಿನವರಿಗೆ ದೂರು ಒಯ್ಯುವುದು, ಬೇಕಾಗುತ್ತದೆ. ಆದರೆ ಮೊದಲು ಆ ಮನುಷ್ಯನಿಗೆ ತಿಳಿಸಿ: "ಸಂಜೆವರೆಗೆ ತಾರೀಖು ಸಿಗಲಿಲ್ಲ ಅಂದ್ರೆ ಸಾಹೇಬ್ರಿಗೆ ಹೇಳಬೇಕಾಗ್ತದೆ, ಬೇಜಾರು ಮಾಡ್ಕೋಬೇಡಿ." ಅರ್ಧ ಸಲ ಸಂಜೆಯೊಳಗೇ ತಾರೀಖು ಬಂದಿರುತ್ತದೆ.

ಹೆಜ್ಜೆ 8: ಲಾರಿ ಹೊರಡುವ ವಾರ

50,000 ರೂಪಾಯಿಗಿಂತ ಜಾಸ್ತಿ ಬೆಲೆಯ ಸರಕು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಇ-ವೇ ಬಿಲ್, ಅಂದರೆ ಜಿಎಸ್‌ಟಿಯ ಆನ್‌ಲೈನ್ ಸಾಗಣೆ ಪತ್ರ, ಬೇಕು. ಮಾಮೂಲಿ ಲೋಡ್ ಆದರೆ ಪ್ರತಿ 200 ಕಿಲೋಮೀಟರ್‌ಗೆ ಒಂದು ದಿನದ ಅವಧಿ. ಉದ್ಯಮಬಾಗದಿಂದ ಚಾಕಣಕ್ಕೆ 350 ಕಿಲೋಮೀಟರ್ ಮೇಲಾಗುತ್ತದೆ, ಹಾಗಾಗಿ ಎರಡು ದಿನ. ಖಂಬಾಟಕಿ ಘಾಟಿನಲ್ಲಿ ಲಾರಿ ಕೆಟ್ಟು ನಿಂತರೆ ಅವಧಿ ಮುಗಿಯುವ 8 ಗಂಟೆ ಮುಂಚಿನಿಂದ ಮುಗಿದ 8 ಗಂಟೆಯವರೆಗೆ ವಿಸ್ತರಿಸಲು ಅವಕಾಶ ಇದೆ. ಅದನ್ನು ಯಾರು ಮಾಡುತ್ತಾರೆ ಅಂತ ಮೊದಲೇ ಗೊತ್ತಿರಲಿ, ಏಕೆಂದರೆ ಲಾರಿ ಕೆಡುವುದು ರಾತ್ರಿ ಎರಡಕ್ಕೇ.

ನಿಮ್ಮ ಫಿಟ್ಟರ್‌ಗಳು ಕಸ್ಟಮರ್ ಪ್ಲಾಂಟಿನೊಳಗೆ ಹೋಗಬೇಕಾದರೆ ಗೇಟ್‌ಪಾಸ್, ಆಧಾರ್, ಇಎಸ್‌ಐ (ನೌಕರರ ರಾಜ್ಯ ವಿಮೆ) ಅಥವಾ ಬೇರೆ ವಿಮೆಯ ಕಾಗದ, ಸೇಫ್ಟಿ ಶೂ, ಹೆಲ್ಮೆಟ್. ದೊಡ್ಡ ಪ್ಲಾಂಟ್‌ಗಳಲ್ಲಿ ಸುರಕ್ಷತಾ ತರಬೇತಿ ಮುಗಿಸದೆ ಒಳಗೆ ಬಿಡುವುದಿಲ್ಲ. ಅದು ಯಾವ ದಿನ, ಎಷ್ಟು ಗಂಟೆಗೆ ಅಂತ ಒಂದು ವಾರ ಮುಂಚೆ ಕೇಳಿ. ಕ್ರೇನ್ ಬಗ್ಗೆ ಇನ್ನೊಮ್ಮೆ ಕೇಳಿ.

ಹೆಜ್ಜೆ 9: ಮುಗಿಸುವುದು

ಟ್ರಯಲ್ ಆದ ದಿನವೇ, ಎಲ್ಲರೂ ಖುಷಿಯಲ್ಲಿರುವಾಗ, ಸಹಿ ಹಾಕಿಸಿಕೊಳ್ಳಿ. ಚಿಕ್ಕಪುಟ್ಟ ಬಾಕಿ ಕೆಲಸಗಳನ್ನು ಅದೇ ಕಾಗದದ ಕೆಳಗೆ ತಾರೀಖಿನ ಜೊತೆ ಬರೆಯಿರಿ. ಆ ಸಹಿ ಇಲ್ಲದೆ ಕೊನೆಯ ಕಂತಿನ ಹಣ ಬರುವುದಿಲ್ಲ. ಮ್ಯಾನುಯಲ್, ಬಿಡಿಭಾಗದ ಪಟ್ಟಿ, ಕೊನೆಯ ರಿವಿಷನ್ ಡ್ರಾಯಿಂಗ್‌ಗಳನ್ನು ಒಂದೇ ಫೋಲ್ಡರ್‌ನಲ್ಲಿ ಹಾಕಿ.

ಸರ್ಟಿಫಿಕೇಟ್ ಬಗ್ಗೆಯೂ ಕೇಳುತ್ತಾರೆ. ಅಮೆರಿಕದ ಪಿಎಂಐ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್) ಸಂಸ್ಥೆ ಹೊಸಬರಿಗೆ ಕ್ಯಾಪ್ಮ್ (CAPM) ಅನ್ನುವ ಪರೀಕ್ಷೆ ನಡೆಸುತ್ತದೆ. 23 ಗಂಟೆಯ ತರಬೇತಿ ಆಗಿರಬೇಕು, ಮೂರು ಗಂಟೆಯಲ್ಲಿ 150 ಪ್ರಶ್ನೆ. ಅದೇ ಸಂಸ್ಥೆಯ ಮೇಲಿನ ಹಂತದ ಪರೀಕ್ಷೆ ಪಿಎಂಪಿಗೆ ಡಿಗ್ರಿ ಜೊತೆಗೆ ಪ್ರಾಜೆಕ್ಟ್ ನಡೆಸಿದ ಮೂರು ವರ್ಷದ ಅನುಭವ ಕೇಳುತ್ತಾರೆ. ಒಂದು ಪ್ರಾಜೆಕ್ಟ್ ಮೊದಲಿಂದ ಕೊನೆತನಕ ನೋಡಿದ ಮೇಲೆ ಕ್ಯಾಪ್ಮ್ ಬರೆಯಿರಿ. ಆಗ ಪುಸ್ತಕದಲ್ಲಿ ಓದಿದ್ದಕ್ಕೆ ಮುಖಗಳು ಕಾಣುತ್ತವೆ.

ಹುಡುಗ ಮೊನ್ನೆ ಭಾನುವಾರ ಮನೆಗೆ ಬಂದಿದ್ದ. ಜೋಳದ ರೊಟ್ಟಿ ತಿಂದು, ಲ್ಯಾಪ್‌ಟಾಪ್ ತೆಗೆದು ತನ್ನ ಪಟ್ಟಿ ತೋರಿಸಿದ. ಚೆನ್ನಾಗಿ ಮಾಡಿದ್ದಾನೆ. ಬಣ್ಣ ಬಣ್ಣದ ನಲವತ್ತೊಂದು ಸಾಲು, ಎಲ್ಲಕ್ಕೂ ತಾರೀಖು ಇದೆ. ಹೆಸರಿನ ಕಾಲಮ್ಮಿನಲ್ಲಿ ಹದಿನೇಳು ಕಡೆ "ಪರ್ಚೇಸ್ ಟೀಮ್" ಅಂತ ಬರೆದಿದ್ದ. ಹೆಸರು ಕೇಳಿಕೊಂಡು ಬಂದು ಮತ್ತೆ ತೋರಿಸು ಅಂತ ಕಳಿಸಿದೆ.